ಸ್ನೇಹಲತಾಬಾಯಿಯವರ ಅಕ್ಷರ

ಹೈದರಾಬಾದಿನ ಕನ್ನಡ ಸಂಘಗಳ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದರಲ್ಲಿ ಅಧ್ಯಕ್ಷರ ಹೆಸರು ಬರುತ್ತದೆ, ಕಾರ್ಯದರ್ಶಿಗಳ ಹೆಸರು ಬರುತ್ತದೆ, ಶಾಲು ಹೊದಿಸಿದವರ ಮತ್ತು ಹೊದಿಸಿಕೊಂಡವರ ಹೆಸರುಗಳಂತೂ ಪುಟಗಟ್ಟಲೆ ಬರುತ್ತವೆ. ಆದರೆ ಇಪ್ಪತ್ತು ವರ್ಷ ಸತತವಾಗಿ ವಿದ್ಯಾರ್ಥಿವೇತನ ಸ್ಪರ್ಧೆಯೊಂದಕ್ಕೆ ಬಂದ ಪ್ರತಿಯೊಂದು ಪ್ರಬಂಧವನ್ನೂ ತಮ್ಮ ಕೈಯಿಂದಲೇ ಮರಳಿ ಬರೆದು ತೀರ್ಪುಗಾರರ ಮುಂದಿಟ್ಟ ಶ್ರೀಮತಿ ಸ್ನೇಹಲತಾ ಆಳಂದಕರ ಅವರ ಹೆಸರು ಬರುವ ಸಂಭವ ಕಡಿಮೆ. ಅವರು ವೇದಿಕೆ ಹತ್ತಿದವರಲ್ಲ, ಭಾಷಣ ಮಾಡಿದವರಲ್ಲ. ಕಾರ್ಖಾನೆಯ ಸೇವೆಯಿಂದ ಅವರು ನಿವೃತ್ತರಾದ ಈ ಸಂದರ್ಭದಲ್ಲಿ ನಮ್ಮ ಕುಷಾಯಿಗೂಡ ಕನ್ನಡ ಬಳಗವು ಈ ಸಂಪುಟವನ್ನು ತರುತ್ತಿರುವುದು ತಡವಾಗಿಯಾದರೂ ಮಾಡಲೇಬೇಕಾಗಿದ್ದ ಕೆಲಸ.

ನನಗೀಗ ಎಪ್ಪತ್ತನಾಲ್ಕು. ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ಇಂಥ ಅಭಿನಂದನ ಲೇಖನಗಳನ್ನು ಹನ್ನೊಂದು ಬರೆದಿದ್ದೇನೆ. ಒಂದರಲ್ಲಿ ಹೆಸರು ಬದಲಿಸಿ ಇನ್ನೊಂದಕ್ಕೆ ಕಳಿಸಿದರೂ ಯಾರಿಗೂ ಗೊತ್ತಾಗದಷ್ಟು ಅವು ಒಂದೇ ಅಚ್ಚಿನವು. ಸನ್ಮಾನಿತರಾದವರೂ ಅವನ್ನು ಪೂರ್ತಿ ಓದಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ದಣಿದಿದ್ದೇನೆ. ಸಭೆ, ಹಾರ, ಉಪ್ಪಿಟ್ಟು, ವಂದನಾರ್ಪಣೆ ಎಲ್ಲವೂ ಸಾಕಾಗಿದೆ. ಈ ಹನ್ನೆರಡನೆಯದನ್ನೂ ಹಳೆಯ ಅಚ್ಚಿನಲ್ಲೇ ಹೊಯ್ದು ಕೈತೊಳೆದುಕೊಳ್ಳುವವನಿದ್ದೆ, ಆಗಲಿಲ್ಲ. ಏಕೆ ಆಗಲಿಲ್ಲ ಎನ್ನುವುದು ಮುಂದೆ ಬರುತ್ತದೆ.

ಕಲಬುರಗಿ ಸೀಮೆಯ ಆಳಂದದಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತು, ನಕಾಶೆ ತೆಗೆಯುವ ತರಬೇತಿ ಮುಗಿಸಿಕೊಂಡು ಸ್ನೇಹಲತಾಬಾಯಿಯವರು ೧೯೮೭ರಲ್ಲಿ ಕುಷಾಯಿಗೂಡದ ಬಳಿಯ ದೊಡ್ಡ ಸರಕಾರಿ ಕಾರ್ಖಾನೆಯೊಂದರಲ್ಲಿ ಟ್ರೇಸರ್ ಆಗಿ ಸೇರಿದರು. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಕೆಳಗೆ ಕಂಡ ಗೆರೆಯನ್ನು ಶಾಯಿಯಲ್ಲಿ ಹಾಗೆಹಾಗೆಯೇ ಎಳೆಯುವುದು ಆ ಕೆಲಸ. ವಿಭಾಗದ ಹಿರಿಯರು ಮೊದಲ ದಿನ ಹೇಳಿದ ಮಾತನ್ನು ಅವರು ನಮಗೆ ಎಷ್ಟೋ ಸಲ ಹೇಳಿದ್ದಾರೆ: “ಜೋ ದಿಖ್ರಾ ಸೋ ಖೀಂಚೋ, ಅಕಲ್ ನಕ್ಕೋ ಲಗಾವೋ.” ಕಂಡಷ್ಟು ಎಳೆ, ಬುದ್ಧಿ ಓಡಿಸಬೇಡ. ಗೆರೆ ತಪ್ಪಾಗಿದೆ ಅನ್ನಿಸಿದರೂ ಟ್ರೇಸರ್ ಅದನ್ನು ತಿದ್ದುವಂತಿಲ್ಲ. ತಿದ್ದುವವರು ಬೇರೆ ಇರುತ್ತಾರೆ. ಕಂಪ್ಯೂಟರು ಬಂದು ಆ ಕೆಲಸ ಹೋಯಿತು, ಬಾಯಿಯವರನ್ನು ಹಳೆಯ ನಕಾಶೆಗಳ ದಫ್ತರಕ್ಕೆ ಹಾಕಿದರು, ಆದರೆ ಆ ಮಾತು ಅವರ ಕೈಯಲ್ಲಿ ಉಳಿದುಕೊಂಡಿತು.

ನಮ್ಮ ಬಳಗದ ಸ್ಪರ್ಧೆ ಆರಂಭವಾದದ್ದು ೨೦೦೪ರಲ್ಲಿ. ಹತ್ತನೆಯ ತರಗತಿ ಮುಗಿಸಿದ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ‘ನನಗೆ ಪ್ರೇರಣೆ ಕೊಟ್ಟ ಕಲಾಕೃತಿ’ ಎಂಬ ವಿಷಯದ ಮೇಲೆ ಕನ್ನಡದಲ್ಲಿ ಒಂದು ಪ್ರಬಂಧ ಬರೆಯಬೇಕು. ಮೊದಲು ಬಂದ ಒಬ್ಬರಿಗೆ ಎರಡು ವರ್ಷದ ಕಾಲೇಜು ಶುಲ್ಕ ಬಳಗದ್ದು. ಚಿತ್ರವಾಗಲಿ, ಶಿಲ್ಪವಾಗಲಿ, ಕಸೂತಿಯಾಗಲಿ, ಮಗುವಿನ ಮನಸ್ಸಿಗೆ ಹತ್ತಿದ್ದಾಗಿರಬೇಕು, ಅಷ್ಟೇ. ಮೊದಲ ವರ್ಷ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ನಾವು ಒಮ್ಮತದಿಂದ ಆರಿಸಿದ ಪ್ರಬಂಧ ನನ್ನ ತಮ್ಮನ ಮಗಳು ಹರ್ಷದಾಳದಾಗಿತ್ತು. ಹೆಸರು ಬರೆದು ಮುಚ್ಚಿಟ್ಟ ಚೀಟಿಯನ್ನು ಬಿಡಿಸಿ ಓದುವ ಮೊದಲೇ ನನಗೆ ಗೊತ್ತಿತ್ತು ಎಂದು ಜನ ಆಡಿಕೊಂಡರು, ಅದು ಸುಳ್ಳೂ ಅಲ್ಲ. ಐತವಾರದ ಕನ್ನಡ ತರಗತಿಯಲ್ಲಿ ಈ ಮಕ್ಕಳಿಗೆ ಅಕ್ಷರ ತಿದ್ದಿಸಿದವನು ನಾನೇ. ಯಾರ ‘ಳ’ ಹೇಗೆ ಹೊರಳುತ್ತದೆ, ತೆಲುಗು ಶಾಲೆಯ ಅಭ್ಯಾಸದಿಂದ ಯಾರ ತಲೆಕಟ್ಟು ಎಲ್ಲಿ ಬಾಗುತ್ತದೆ ಎಂಬುದು ಕಣ್ಣು ಮುಚ್ಚಿದರೂ ನನಗೆ ತಿಳಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ವಾರ್ಷಿಕ ಸಭೆಯಲ್ಲಿ ಗದ್ದಲವಾದಾಗ, ಹಿಂದಿನ ಸಾಲಿನಿಂದ ಎದ್ದು ನಿಂತ ಸ್ನೇಹಲತಾಬಾಯಿಯವರು ಹೇಳಿದ್ದು ಇಷ್ಟೇ: “ಮುಂದಿನ ವರ್ಷದಿಂದ ಎಲ್ಲಾ ಪ್ರಬಂಧ ನಾ ಬರದ ಕೊಡ್ತೀನ್ರಿ. ಅವರಿಗೆ ನನ್ನ ಅಕ್ಷರ ಬಿಟ್ರ ಬ್ಯಾರೆ ಏನೂ ಕಾಣೂದಿಲ್ಲ.”

ಹೀಗೆ ಶುರುವಾಯಿತು. ಮೊದಲ ವರ್ಷದ್ದನ್ನೂ ದಫ್ತರಕ್ಕೆಂದು ಅವರು ಆಮೇಲೆ ಬರೆದು ಇಟ್ಟರು. ವರ್ಷಕ್ಕೆ ಮೂವತ್ತೋ ನಲವತ್ತೋ ಪ್ರಬಂಧಗಳು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಕೆಲವು, ಐತವಾರದ ಮಧ್ಯಾಹ್ನ ಕೆಲವು. ಮಗು ತಪ್ಪು ಬರೆದಿದ್ದರೆ ತಪ್ಪೇ, ತೆಲುಗು ಪದ ಹಾಕಿದ್ದರೆ ತೆಲುಗು ಪದವೇ, ಹೊಡೆದು ಹಾಕಿದ್ದರೆ ಹೊಡೆದು ಹಾಕಿದ ಸಾಲೂ ಅವರ ಪ್ರತಿಯಲ್ಲಿ ಇರುತ್ತಿತ್ತು. ನಾವು ತೀರ್ಪುಗಾರರು ಪ್ರತಿಯೊಂದರ ಕೆಳಗೆ ಒಂದು ಷರಾ ಬರೆಯಬೇಕು. ಆ ಷರಾಗಳನ್ನೂ ಬಾಯಿಯವರೇ ಚೀಟಿಯ ಮೇಲೆ ಇಳಿಸಿ, ಮೂಲ ಪ್ರಬಂಧಕ್ಕೆ ಪಿನ್ ಹಾಕಿ ಮಕ್ಕಳಿಗೆ ಹಿಂದಿರುಗಿಸುತ್ತಿದ್ದರು. ನಮ್ಮ ಅಕ್ಷರವನ್ನು ಗುರುತಿಸಿ ಅಪ್ಪ-ಅವ್ವಂದಿರು ಜಗಳಕ್ಕೆ ಬರಬಾರದೆಂದು ನಾವೇ ಕೇಳಿಕೊಂಡ ಉಪಕಾರ ಅದು. ಹೀಗಾಗಿ ಬಳಗದ ಹೊಗಳಿಕೆ, ತೆಗಳಿಕೆ ಎರಡೂ ಈ ಊರಿನ ಮಕ್ಕಳಿಗೆ ಒಂದೇ ಅಕ್ಷರದಲ್ಲಿ ತಲುಪಿದವು. ಅದರ ಅರ್ಥವೇನಾಗಬಹುದೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

೨೦೧೧ರಲ್ಲಿ ನನ್ನ ಎರಡೂ ಕಣ್ಣಿನ ಆಪರೇಷನ್ ಆಯಿತು. ಆ ವರ್ಷ ನಾನು ತೀರ್ಪಿಗೆ ಕೂರಲಿಲ್ಲ. ಮರುವರ್ಷ ನನಗೆ ಬಂದ ಪ್ರತಿಗಳಲ್ಲಿ ಒಂದೊಂದು ಅಕ್ಷರವೂ ಹುಣಸೆಬೀಜದಷ್ಟು ದಪ್ಪ. ಉಳಿದಿಬ್ಬರಿಗೆ ಸಣ್ಣ ಅಕ್ಷರದ ಪ್ರತಿ, ನನಗೊಬ್ಬನಿಗೆ ಬೇರೆ. ಕೇಳಿದರೆ, “ಹಾಳಿ ಭಾಳ ಉಳದಿದ್ವುರಿ” ಎಂದು ಮಾತು ಮುಗಿಸಿದರು. ಇಂಥ ಮನುಷ್ಯರಿಗೆ ಧನ್ಯವಾದ ಹೇಳುವುದು ಕೂಡ ಕಷ್ಟ.

ಈಗ ೨೦೧೭ರ ಮಾತು. ಆ ವರ್ಷ ಮೂವತ್ತಾರು ಪ್ರಬಂಧ ಬಂದಿದ್ದವು. ಜೂನ್ ತಿಂಗಳ ಸೆಕೆಯಲ್ಲಿ ಓದಿ ಓದಿ ತಲೆ ಕಾದಿತ್ತು. ಅರ್ಧಕ್ಕರ್ಧ ಮಕ್ಕಳು ಅದೇ ವಸ್ತುಸಂಗ್ರಹಾಲಯಕ್ಕೆ ಹೋಗಿ ಅದೇ ಅಮೃತಶಿಲೆಯ ಮೂರ್ತಿ ನೋಡಿ ಬಂದವರು. ಇಪ್ಪತ್ತೆಂಟನೆಯದೋ ಇಪ್ಪತ್ತೊಂಬತ್ತನೆಯದೋ ಪ್ರಬಂಧ ಹೀಗೆ ಶುರುವಾಗಿತ್ತು: ನಮ್ಮದು ಒಂದೇ ಕೋಣೆಯ ಮನೆ. ಅದರಲ್ಲಿ ಅರಮನೆಯ ಮೆಟ್ಟಿಲು ಇದೆ. ಹನ್ನೊಂದು ಮೆಟ್ಟಿಲು, ಎರಡೂ ಕಡೆ ಸಿಂಹ, ನಡುವೆ ಕೆಂಪು ಜಮಖಾನೆ. ನಾನು ದಿನಾಲೂ ಅದರ ಬುಡದಲ್ಲಿ ಕುಳಿತು ಓದುತ್ತೇನೆ. ಗಣಿತ ಬರದಿದ್ದಾಗ ಮೆಟ್ಟಿಲು ಹತ್ತುತ್ತೇನೆ. ಇದಾದ ಮೇಲೆ ಪುಟ ಹೊರಳಿಸಿದರೆ, ಕಾಲೇಜಿಗೆ ಹೋದ ದಿನ ಹನ್ನೆರಡನೆಯ ಮೆಟ್ಟಿಲು ಹತ್ತುವುದಾಗಿ ಬರೆದು ಪ್ರಬಂಧ ಮುಗಿದೇ ಹೋಗಿತ್ತು. ಕಲಾಕೃತಿಯ ಸುಳಿವೇ ಇಲ್ಲ. ಈ ಮಗು ನಮ್ಮನ್ನು ಕುರಿ ಮಾಡುತ್ತಿದೆ ಎಂದು ನನಗೆ ಸಿಟ್ಟು ಬಂತು. ಕೆಳಗೆ ನಾನು ಬರೆದೆ: ‘ಒಂದೇ ಕೋಣೆಯ ಮನೆಯಲ್ಲಿ ಅರಮನೆಯ ಮೆಟ್ಟಿಲು ಎಲ್ಲಿಂದ ಬಂತು? ಕಟ್ಟುಕತೆ. ಸುಳ್ಳು ಬರೆಯುವುದು ಕಲೆಯಲ್ಲ.’ ಕೊಟ್ಟ ಅಂಕ ಸೊನ್ನೆ. ಆ ವರ್ಷದ ವಿದ್ಯಾರ್ಥಿವೇತನ ಅಮೃತಶಿಲೆಯ ಮೂರ್ತಿಯ ಬಗ್ಗೆ ತಪ್ಪಿಲ್ಲದೆ ಬರೆದ ಅಮೋಲ್ ಎಂಬ ಹುಡುಗನಿಗೆ ಹೋಯಿತು. ಸಮಾರಂಭವಾಯಿತು, ಉಪ್ಪಿಟ್ಟು ತಿಂದು ಮನೆಗೆ ಬಂದೆವು.

ಎರಡು ದಿನದ ಮೇಲೆ ಸ್ನೇಹಲತಾಬಾಯಿಯವರು ಉಪ್ಪಲ್‌ನ ನಮ್ಮ ಮನೆಗೆ ಬಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಫೋನು ಮಾಡದೆ ಬಂದದ್ದು. ಕುರ್ಚಿಯ ಮೇಲೆ ಕೂರಲಿಲ್ಲ. ಕೈಯಲ್ಲಿ ಗೆರೆ ಹಾಕಿದ ಎರಡು ಹಾಳೆ ಇದ್ದವು.

“ಕಲ್ಲೇಶ ಅವರು ಬಂದಿದ್ರುರಿ, ಮೋಟಾರ್ ರಿಪೇರಿ ಮಾಡ್ತಾರಲ್ಲ, ಅವರು. ಅವರ ಮಗಳ ಪ್ರಬಂಧ ಇದು,” ಎಂದು ಮೊದಲನೆಯ ಹಾಳೆಯನ್ನು ತಿರುವಿ ಹಿಂಬದಿ ತೋರಿಸಿದರು. ಅಲ್ಲಿ ಇನ್ನೊಂದು ಪುಟ ತುಂಬ ಬರೆದಿತ್ತು.

ಒಂದೇ ಮಗ್ಗುಲಲ್ಲಿ ಬರೆಯಬೇಕೆಂಬುದು ನಮ್ಮ ನಿಯಮ. ಮನೆಯಲ್ಲಿ ಹಾಳೆ ಎರಡೇ ಇದ್ದುದರಿಂದ ಆ ಹುಡುಗಿ ಒಂದರ ಎರಡೂ ಮಗ್ಗುಲು ಬಳಸಿದ್ದಳು. ಸ್ನೇಹಲತಾಬಾಯಿಯವರು ಮೂವತ್ತು ವರ್ಷ ನಕಾಶೆಗಳ ನಡುವೆ ಕೆಲಸ ಮಾಡಿದವರು. ನಕಾಶೆಯ ಹಿಂಬದಿಯಲ್ಲಿ ಏನೂ ಇರುವುದಿಲ್ಲ, ಅದನ್ನು ಯಾರೂ ತಿರುವಿ ನೋಡುವುದಿಲ್ಲ. ಎದುರಿಗೆ ಕಂಡದ್ದನ್ನು ಎಳೆದರು, ಬುದ್ಧಿ ಓಡಿಸಲಿಲ್ಲ, ಮುಂದಿನ ಹಾಳೆಗೆ ಹೋದರು. ಮಾತು ತುಂಡಾಗಿದೆ ಎಂಬುದು ಅವರ ಕೈಗೆ ತಿಳಿಯಲಿಲ್ಲ.

ಬಿಟ್ಟುಹೋದ ಪುಟದಲ್ಲಿ ಇದ್ದದ್ದು ಇದು. ಹುಡುಗಿಯ ಅಪ್ಪನ ಅಜ್ಜ ಕಲಬುರಗಿ ಕಡೆಯ ನಾಟಕ ಕಂಪನಿಯೊಂದಕ್ಕೆ ಪರದೆ ಬರೆಯುತ್ತಿದ್ದರು. ಕಂಪನಿ ಮುಚ್ಚಿದಾಗ ಅರಮನೆಯ ಪರದೆಯೊಂದನ್ನು ಮನೆಗೆ ತಂದರು. ಅದೀಗ ಕುಷಾಯಿಗೂಡದ ಆ ಒಂದು ಕೋಣೆಯನ್ನು ಎರಡು ಮಾಡಿ ತೂಗುಬಿದ್ದಿದೆ: ಆಚೆ ಅಡಿಗೆ, ಈಚೆ ಓದು. ಅದರ ಮೇಲಿನ ಮೆಟ್ಟಿಲನ್ನು ಅವಳು ಬೆರಳಿನಿಂದ ಹತ್ತುತ್ತಾಳೆ. ಗಾಳಿ ಬೀಸಿದರೆ ಸಿಂಹಗಳು ಉಸಿರಾಡುತ್ತವೆ ಎಂದೂ ಬರೆದಿದ್ದಳು.

ಆ ಅಕ್ಷರ ನೋಡಿದೊಡನೆ ಗುರುತು ಹಿಡಿದೆ. ನನ್ನ ಐತವಾರದ ತರಗತಿಯ ಶರ್ವರಿ. ನಾಲ್ಕು ವರ್ಷ ನನ್ನ ಹತ್ತಿರ ಕಲಿತ ಹುಡುಗಿ, ಸುಳ್ಳು ಹೇಳಲು ಬಾರದವಳು. ಮೂಲ ಪ್ರತಿ ನನ್ನ ಮುಂದೆ ಬಂದಿದ್ದರೆ ನಾನು ಆ ಷರಾ ಬರೆಯುತ್ತಿರಲಿಲ್ಲ.

ಆಗ ನಾನು ಏನು ಮಾಡಬೇಕಾಗಿತ್ತೆಂದು ಓದುಗರಿಗೆ ಗೊತ್ತಿದೆ. ನಾನು ಹೇಳಿದ್ದು ಹೀಗೆ: “ಬಿಡ್ರಿ ಬಾಯಾರ. ಸಮಾರಂಭ ಮುಗದೈತಿ. ಹಂಗ ನೋಡಿದ್ರ ಎರಡೂ ಕಡೆ ಬರದು ಆಕಿನs ನಿಯಮ ಮುರದಾಳ.”

“ನಿಯಮ ಮುರದಾಳ ಅಂತ ತಗದಿದ್ರ ಅದು ಬ್ಯಾರೆ ಮಾತ್ರಿ,” ಎಂದರು ಅವರು. “ಆಕಿನ್ನ ಸುಳ್ಳಿ ಅಂದಂಗ ಆತಲ್ರಿ. ಮ್ಯಾಲೆ ಕಾಲೇಜಿನ ಬಾಗಲಾನೂ ಮುಚ್ಚಿತು. ಕಲ್ಲೇಶ ಅವರಿಗೆ ಈ ವರ್ಷ ಆಕಿನ್ನ ಓದಸೂ ಶಕ್ತಿ ಇಲ್ಲ.”

ಅವರು ವಿಶೇಷ ಸಭೆ ಕರೆಸಿದರು. ಬೇಗಂಪೇಟೆಯ ಬಾಡಿಗೆ ಸಭಾಗೃಹದಲ್ಲಿ ಇಪ್ಪತ್ತೆರಡು ಜನರ ಮುಂದೆ ನಿಂತು, ತಪ್ಪು ತಮ್ಮದೆಂದು ಹೇಳಿ, ಪ್ರಬಂಧವನ್ನು ಹಿಂಬದಿ ಸಹಿತ ಓದಿದರು. ಅಧ್ಯಕ್ಷರಾಗಿದ್ದ ಬಸವರಾಜ ಅವರು ಕೆಟ್ಟವರಲ್ಲ. ಆದರೆ ಬಹುಮಾನ ಒಂದೇ, ಕೊಟ್ಟದ್ದನ್ನು ಹಿಂದೆ ಕೇಳುವಂತಿಲ್ಲ, ಎರಡನೆಯದಕ್ಕೆ ನಿಯಮವಿಲ್ಲ ಎಂದರು. ವಿಷಾದ ಸೂಚಿಸುವ ಠರಾವು ಮಂಡನೆಯಾಯಿತು. ಎಲ್ಲರೊಂದಿಗೆ ನಾನೂ ಕೈ ಎತ್ತಿದೆ. ಬಸ್ಸಿಗೆ ಹೊತ್ತಾಗಿತ್ತು.

ಶುಲ್ಕವನ್ನು ತಾವೇ ಕಟ್ಟುವುದಾಗಿ ಬಾಯಿಯವರು ಕಲ್ಲೇಶ ಅವರ ಮನೆಗೆ ಹೋಗಿ ಕೇಳಿಕೊಂಡರಂತೆ. “ದಾನ ಬ್ಯಾಡ್ರಿ ಅಕ್ಕಾರ,” ಎಂದು ಅವರು ಒಪ್ಪಲಿಲ್ಲ. ಕಾಲೇಜಿನ ಪ್ರವೇಶಗಳು ಮುಗಿದವು. ಶರ್ವರಿ ಉಪ್ಪಲ್‌ನಲ್ಲಿದ್ದ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಕುಳಿತು ರವಿಕೆಗಳಿಗೆ ಹುಕ್ಕು ಹಚ್ಚತೊಡಗಿದಳು. ನಮ್ಮ ಮನೆಯಿಂದ ಆ ಅಂಗಡಿ ಎರಡು ಗಲ್ಲಿ ಆಚೆ. ಆ ವರ್ಷವಿಡೀ ನಾನು ಹಾಲು ತರಲು ಸುತ್ತು ಹಾಕಿಕೊಂಡು ಬೇರೆ ದಾರಿಯಿಂದ ಹೋದೆ. ಸ್ನೇಹಲತಾಬಾಯಿಯವರು ಮಾತ್ರ ಪ್ರತಿ ಶನಿವಾರ ಕಾರ್ಖಾನೆ ಬಿಟ್ಟ ಮೇಲೆ ಬಸ್ಸು ಹಿಡಿದು ಆ ಅಂಗಡಿಗೆ ಬರುತ್ತಿದ್ದರು. ಬರಿಗೈಯಲ್ಲಿ ಬಂದರೆ ಹುಡುಗಿಗೆ ಸಂಕೋಚವಾದೀತೆಂದು ಹೊಲಿಯಲು ಏನಾದರೊಂದು ಬಟ್ಟೆ ತರುತ್ತಿದ್ದರು. ಅದರ ಕೆಳಗೆ ಇಂಟರ್‌ಮೀಡಿಯೆಟ್ ಪುಸ್ತಕ ಇರುತ್ತಿತ್ತು. ಒಂದು ವರ್ಷದಲ್ಲಿ ಅವರು ಹೊಲಿಸಿದಷ್ಟು ರವಿಕೆಯನ್ನು ಮದುವೆಯ ಮನೆಯವರೂ ಹೊಲಿಸಿರಲಾರರು.

ಅದೇ ವರ್ಷ ಅವರು ಬಳಗಕ್ಕೆ ಒಂಬತ್ತು ಪತ್ರ ಬರೆದರು. ಬೇಡಿಕೆ ಒಂದೇ: ಹಿಂದಿನ ವರ್ಷ ಹತ್ತನೆಯ ತರಗತಿ ಮುಗಿಸಿದವರೂ ಸ್ಪರ್ಧಿಸಬಹುದೆಂದು ನಿಯಮ ಬದಲಾಗಲಿ. ಒಂಬತ್ತನೆಯ ಪತ್ರಕ್ಕೆ ಬಸವರಾಜ ಅವರು ಸೋತರು. ಆದರೆ ಶರ್ವರಿ ಹೊಸದಾಗಿ ಬರೆಯಲು ಒಪ್ಪಲಿಲ್ಲ. “ನಾ ಒಮ್ಮೆ ಬರದೀನ್ರಿ ಮೇಡಂ. ಅದನ್ನs ಓದಲಿ,” ಎಂದಳಂತೆ. ಸರಿ, ಅದೇ ಹಳೆಯ ಪ್ರಬಂಧ ಮರಳಿ ಸ್ಪರ್ಧೆಗೆ ಬಂತು, ಈ ಸಲ ಮೂರೂ ಪುಟ. ತೀರ್ಪಿನ ದಿನ ಹತ್ತಿರ ಬಂದಾಗ ಬಾಯಿಯವರು ನನಗೆ ಫೋನು ಮಾಡಿದರು. “ಈ ಸಲ ನೀವು ಬ್ಯಾಡ್ರಿ ಸರ್. ನೀವು ಕೊಟ್ರ ಕನಿಕರದಿಂದ ಕೊಟ್ರೋ ಖರೇನs ಕೊಟ್ರೋ, ನಿಮಗೂ ತಿಳಿಯೂದಿಲ್ಲ.” ಮಾತು ಚುಚ್ಚಿತು, ಆದರೆ ಅದರಲ್ಲಿ ತಪ್ಪಿರಲಿಲ್ಲ. ಈ ಸಂಗತಿಯೇನೂ ಗೊತ್ತಿಲ್ಲದ ಕಲಬುರಗಿಯ ಮೂವರು ಮೇಷ್ಟರಿಗೆ ಪ್ರಬಂಧಗಳು ಅಂಚೆಯಲ್ಲಿ ಹೋದವು. ಮೂವರೂ ಬೇರೆಬೇರೆಯಾಗಿ ಮೆಟ್ಟಿಲಿನ ಪ್ರಬಂಧವನ್ನೇ ಮೊದಲಿಗೆ ಇಟ್ಟಿದ್ದರು. ಶರ್ವರಿ ಒಂದು ವರ್ಷ ತಡವಾಗಿ ಕಾಲೇಜು ಸೇರಿದಳು. ಇಂದು ಬೇಗಂಪೇಟೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ.

ಮುಂದಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸ್ಪರ್ಧೆಗೆ ಬರುವ ಮಕ್ಕಳು ಕಡಿಮೆಯಾದರು. ಬಂದವರು ಫೋನಿನಲ್ಲಿ ಹುಡುಕಿ, ಅಲ್ಲಿ ಸಿಕ್ಕಿದ್ದನ್ನೇ ಟೈಪು ಮಾಡಿಸಿ ಕಳಿಸತೊಡಗಿದರು. ಎಲ್ಲ ಪ್ರಬಂಧವೂ ಒಂದೇ ಅಚ್ಚಕ್ಷರದಲ್ಲಿರುವಾಗ ಕೈಯಿಂದ ಬರೆದು ಮರೆಮಾಡುವುದು ಏನಿದೆ ಎಂದು ನಾನು ಕೇಳಿದೆ. “ರೂಢಿ ಆಗೇತ್ರಿ,” ಎಂದು ಅವರು ಬರೆಯುತ್ತಲೇ ಇದ್ದರು. ಈಗ ಪ್ರತಿ ಹಾಳೆಯನ್ನೂ ಎರಡೆರಡು ಸಲ ತಿರುವಿ ನೋಡುತ್ತಿದ್ದರು. ಬಲಗೈಯ ಮಣಿಕಟ್ಟಿಗೆ ಪಟ್ಟಿ ಬಂತು. ೨೦೨೫ರಲ್ಲಿ ಅವರು ನಿವೃತ್ತರಾದರು. ಆ ವರ್ಷ ಎರಡೇ ಪ್ರಬಂಧ ಬಂದುದರಿಂದ ಸ್ಪರ್ಧೆಯನ್ನು ನಡೆಸಲಿಲ್ಲ.

ಈ ಸಂಪುಟಕ್ಕೆ ಸಂಪಾದಕ ಮಂಡಳಿ ಎಂದು ಮೊದಲ ಪುಟದಲ್ಲಿ ಅಚ್ಚಾಗಿದೆಯಲ್ಲ, ಅದರಲ್ಲಿ ಇರುವುದು ಬಸವರಾಜ ಅವರು ಮತ್ತು ನಾನು. ಅವರಿಗೆ ಕೈ ನಡುಗುತ್ತದೆ, ಆದ್ದರಿಂದ ಲೇಖನಗಳನ್ನು ಓದಿ ತಿದ್ದುವ ಕೆಲಸ ನನ್ನದು. ಕಳೆದ ತಿಂಗಳು ಶರ್ವರಿಯ ಲೇಖನ ಬಂತು. ಚೆನ್ನಾಗಿದೆ, ಸ್ನೇಹಲತಾಬಾಯಿಯವರನ್ನು ಎರಡನೆಯ ತಾಯಿ ಎಂದು ಕರೆದಿದ್ದಾಳೆ. ನಡುವೆ ಮೂರು ವಾಕ್ಯಗಳಿವೆ: ‘ಮೇಡಂ ನನ್ನ ಪ್ರಬಂಧವನ್ನು ಸುಳ್ಳೆಂದು ಬರೆದಿದ್ದರು. ಆ ಚೀಟಿಯನ್ನು ಓದಿ ಮೂರು ದಿನ ಊಟ ಬಿಟ್ಟಿದ್ದೆ. ಆಮೇಲೆ ಮನೆಗೆ ಬಂದು ಪರದೆ ನೋಡಿ ಅವರೇ ತಪ್ಪಾಯಿತೆಂದರು, ನಾನು ಎಂದೋ ಅವರನ್ನು ಕ್ಷಮಿಸಿದ್ದೇನೆ.’

ಆ ಮೂರು ವಾಕ್ಯಗಳನ್ನು ಮತ್ತೊಮ್ಮೆ ಓದಿದೆ. ಎಂಟು ವರ್ಷ ಆ ಹುಡುಗಿ ಸಭೆಗಳಲ್ಲಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತ ಬಂದಿದ್ದಾಳೆ. ಷರಾ ಯಾರದೋ ಒಬ್ಬ ತೀರ್ಪುಗಾರನದೆಂದು ಅವಳು ತಿಳಿದಿದ್ದಾಳೆ, ಯಾರದೆಂದು ಅವಳಿಗೆ ಗೊತ್ತಿಲ್ಲ, ಅಷ್ಟರಮಟ್ಟಿಗೆ ನಾನು ಬಚಾವು ಎಂದುಕೊಂಡಿದ್ದೆ. ಅದು ಇನ್ನೊಬ್ಬರ ಹೆಸರಿಗೆ ಹೋಗಿ ಕೂತಿದೆ ಎಂದು ನನಗೆ ತಿಳಿದಿರಲಿಲ್ಲ. ಸ್ನೇಹಲತಾಬಾಯಿಯವರಿಗೆ ಫೋನು ಮಾಡಿದೆ.

“ಚೀಟಿ ಮ್ಯಾಲೆ ಇದ್ದದ್ದು ನನ್ನ ಅಕ್ಷರ ಅಲ್ಲೇನ್ರಿ,” ಎಂದರು. “ಆಕಿ ಹಂಗ ತಿಳಕೊಂಡ್ಲು, ನಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.”

“ಯಾಕ್ರಿ ಬಾಯಾರ? ನನ್ನ ಹೆಸರು ಹೇಳಬೇಕಾಗಿತ್ತು.”

“ನೀವು ಆಕಿಗೆ ಕನ್ನಡ ಕಲಿಸಿದವರು. ಗುರುಗಳು ಸುಳ್ಳಿ ಅಂದ್ರು ಅಂತ ಗೊತ್ತಾಗಿದ್ರ ಆಕಿ ಮತ್ತ ಪೆನ್ನ ಹಿಡೀತಿರ್ಲಿಲ್ಲ. ನಾ ಏನು, ಬರಕೊಡೂಕಿ. ನನ್ನ ಮ್ಯಾಲೆ ಸಿಟ್ಟು ಬಂದ್ರೂ ಆಕಿದೇನು ಹೋಗೂದಿಲ್ಲ.” ಫೋನು ಇಡುವ ಮೊದಲು, “ಆಕಿ ಬರದದ್ದನ್ನ ತಿದ್ದಬ್ಯಾಡ್ರಿ ಸರ್. ಹೆಂಗೈತಿ ಹಂಗ ಇರಲಿ,” ಎಂದರು.

ತಿದ್ದಿಲ್ಲ. ಶರ್ವರಿಯ ಲೇಖನ ಇದಕ್ಕಿಂತ ಹಿಂದಿನ ಪುಟಗಳಲ್ಲಿ ಅವಳು ಬರೆದ ಹಾಗೆಯೇ ಇದೆ. ನಾನು ಮಾಡಿದ್ದು ಇಷ್ಟೇ, ನನ್ನದನ್ನು ಅದರ ಬೆನ್ನಿಗೇ ಇಟ್ಟಿದ್ದೇನೆ.

ಸ್ನೇಹಲತಾಬಾಯಿಯವರು ನೂರು ವರ್ಷ ಬಾಳಲಿ ಎಂದು ಹರಸುವ ಯೋಗ್ಯತೆ ನನಗೆ ವಯಸ್ಸಿನಿಂದ ಬಂದದ್ದು, ನಡತೆಯಿಂದಲ್ಲ. ಆದರೂ ಹರಸುತ್ತೇನೆ. ಅವರ ಮಣಿಕಟ್ಟಿನ ನೋವು ಇಳಿಯಲಿ. ಇನ್ನೊಬ್ಬರದನ್ನು ಬರೆದು ಬರೆದು ದಣಿದ ಆ ಕೈ ಕೆಲವು ದಿನ ಏನನ್ನೂ ಬರೆಯದೆ ವಿಶ್ರಮಿಸಲಿ. ಆಮೇಲೆ ಮನಸ್ಸಾದರೆ ಅವರು ತಮ್ಮದೇ ಏನಾದರೂ ಬರೆಯಲಿ, ಓದಲು ನಮ್ಮಂಥವರು ಬದುಕಿರುತ್ತೇವೆ.

ಮತ್ತೆ, ಶರ್ವರಿ, ಅವರಿಗೆ ಕೊಟ್ಟ ಕ್ಷಮೆಯನ್ನು ನೀನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅದು ಅವರಿಗೆ ಸಲ್ಲತಕ್ಕದ್ದಲ್ಲ. ನಿನ್ನನ್ನು ಸುಳ್ಳಿ ಎಂದು ಬರೆದವನು ನಾನು. ಮುಂದಿನ ಸಭೆಯಲ್ಲಿ ನನ್ನ ಕಾಲು ಮುಟ್ಟಬೇಡ.

ಅಂಬಾದಾಸ ಚಿಟಗುಪ್ಪ
ಉಪ್ಪಲ್, ಹೈದರಾಬಾದ್